ಸಾತ್ಮ್ಯ

ಅನ್ನವು ಪ್ರಾಣಾಧಾರವೆಂಬುದರಲ್ಲಿ ವಿವಾದವಿಲ್ಲ. ಆದರೆ ದೇಹದ ಪಾಲಿಗೆ ಪ್ರತಿಯೊಂದು ತುತ್ತೂ ಹೊರಗಿನಿಂದ ಬಂದ ಅಪರಿಚಿತನೇ ಸರಿ. ಬಂದವನು ಅತಿಥಿಯೋ ವೈರಿಯೋ ಎಂಬ ವಿವೇಚನೆಯು ಕರುಳಿಗೆ ನಿತ್ಯದ ಕಾರ್ಯ.

1399ರಲ್ಲಿ ಹದಿನಾರಿಗೆ, ಎಂದರೆ ಆಗಿನ ಹದಿನಾಡಿಗೆ, ಇಬ್ಬರು ಪರದೇಶದ ತರುಣರು ಬಂದರೆಂದೂ, ಅವರಲ್ಲಿ ಯದುರಾಯನು ಕಾರುಗಹಳ್ಳಿಯ ಮಾರನಾಯಕನ ಉಪದ್ರವವನ್ನು ಕಳೆದು ಅರಸುಕುವರಿಯ ಕೈಹಿಡಿದನೆಂದೂ ಮೈಸೂರು ರಾಜವಂಶದ ಐತಿಹ್ಯ. ನೆರೆಯವನು ವೈರಿಯಾದನು, ದೂರದವನು ಬಂಧುವಾದನು. ಶಿಶುವಿನ ದೇಹಕ್ಕೂ ಇಂತಹ ವಿವೇಕವೇ ಬೇಕು. ಹೀಗೆ ಹಿತವಾಗಿ ಒಗ್ಗಿದುದನ್ನೇ ಚರಕಸಂಹಿತೆಯು ಸಾತ್ಮ್ಯವೆನ್ನುತ್ತದೆ.

ರಕ್ತದಲ್ಲಿಯೂ ಕರುಳಿನಲ್ಲಿಯೂ ಇರುವ ರಕ್ಷಕಕಣಗಳಲ್ಲಿ ನಿಯಾಮಕ ಟಿ-ಕಣಗಳೆಂಬವು ಶಮನಕಾರಿಗಳು. 1995ರಲ್ಲಿ ಇವನ್ನು ಗುರುತಿಸಿದ ಜಪಾನಿನ ಸಕಗುಚಿಯವರು 2025ರ ನೊಬೆಲ್ ಪಾರಿತೋಷಕದಲ್ಲಿ ಭಾಗಿಗಳಾದರು. ಈ ಶಮನವು ಕುಂದಿದ ಮಗುವಿನಲ್ಲಿ ಬೇರೆ ಟಿ-ಕಣಗಳ ಪ್ರೇರಣೆಯಿಂದ ಐಜಿಇ ಎಂಬ ಪ್ರತಿಕಾಯವು ಹುಟ್ಟಿ, ಮಾಸ್ಟ್ ಕಣಗಳ ಮೇಲೆ ಕಾವಲು ಕುಳಿತುಕೊಳ್ಳುತ್ತದೆ. ಅದೇ ಆಹಾರವು ಮತ್ತೆ ಬಂದೊಡನೆ ಆ ಕಣಗಳು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಸುರಿಸುತ್ತವೆ. ಮೈಮೇಲೆ ಗಂಧೆ, ವಾಂತಿ, ಉಬ್ಬಸ, ಮಿತಿಮೀರಿದರೆ ಪ್ರಾಣಾಪಾಯ.

ಆದರೆ ಕಾವಲುಗಾರನು ಇದ್ದಮಾತ್ರಕ್ಕೆ ಕಾಳಗವಾಗಲೇಬೇಕೆಂದಿಲ್ಲ. ಚೀನಾ, ರಷ್ಯಾಗಳೊಡನೆ ಕರ್ನಾಟಕದ ಶಾಲಾಬಾಲಕರನ್ನೂ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಲ್ಲಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡುಬಂದಿತು. ಅಲರ್ಜಿಯುಳ್ಳವರೆಂದು ಎಣಿಸಲ್ಪಟ್ಟವರು ಸಾವಿರಕ್ಕೆ ಇಬ್ಬರೂ ಇಲ್ಲ.

ಈ ಅಂತರವನ್ನು ಗೃಹಸ್ಥರು ಮನಗಾಣುವುದು ಅವಶ್ಯ. ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಹಾಲು, ಬೇಳೆ, ಕಡಲೆಕಾಯಿಗಳನ್ನು ನಿಷೇಧಿಸಿದರೆ, ಬೆಳೆಯುವ ಮಗುವು ನಿಷ್ಕಾರಣವಾಗಿ ಸೊರಗುತ್ತದೆ. ಅದಕ್ಕೆ ಪ್ರತಿಯಾಗಿ, ತಿಂದೊಡನೆ ನಿಜವಾಗಿಯೂ ಮುಖ ಊದಿ ಉಸಿರು ಕಟ್ಟಿದ ಮಗುವಿಗೆ ‘ರೂಢಿಯಾದರೆ ಸರಿಹೋಗುತ್ತದೆ’ ಎಂದು ಅಜ್ಜಿಯು ಮತ್ತೊಂದು ತುತ್ತು ಉಣಿಸಿದರೆ, ಆ ಮಮತೆಯೇ ಮೃತ್ಯುವಾದೀತು. ಅಂತಹ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಏನನ್ನು ಬಿಡಬೇಕು, ಏನನ್ನು ಉಣ್ಣಬಹುದು ಎಂಬುದನ್ನು ವೈದ್ಯರು ತಮ್ಮೆದುರಿಗೇ ಉಣಿಸಿ ನೋಡಿ ನಿರ್ಣಯಿಸಬೇಕು.

ರೂಢಿಗೂ ಒಂದು ಕಾಲವಿದೆ. ಅಲರ್ಜಿಯ ಸಂಭವವು ಹೆಚ್ಚಾಗಿದ್ದ ಶಿಶುಗಳಿಗೆ ವರ್ಷ ತುಂಬುವ ಮೊದಲೇ ವೈದ್ಯರ ಸಮಕ್ಷಮದಲ್ಲಿ ಕಡಲೆಕಾಯಿಯ ತಿನಿಸನ್ನು ಆರಂಭಿಸಿದುದರಿಂದ, ಆ ಅಲರ್ಜಿಯು ಐದನೆಯ ವಯಸ್ಸಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ತಗ್ಗಿತೆಂದು 2015ರಲ್ಲಿ ಲಂಡನ್ನಿನ ವೈದ್ಯರು ತೋರಿಸಿದರು. ಆರನೆಯ ತಿಂಗಳ ಅನ್ನಪ್ರಾಶನವನ್ನು ವಿಧಿಸಿದ ಹಿರಿಯರಿಗೆ ಈ ಕಣಗಳ ಪರಿಚಯವಿರಲಿಲ್ಲ. ಅಪರಿಚಿತನನ್ನು ಎಳೆತನದಲ್ಲಿಯೇ ಮನೆಯವನನ್ನಾಗಿಸುವ ಆ ಪದ್ಧತಿಯು ಮಾತ್ರ ಇಂದಿಗೂ ಉಳಿದಿದೆ.