ಮೂಗು ಎಲ್ಲಿರಬೇಕು?

ಮೂಡಿಗೆರೆಯಲ್ಲಿ ನಮ್ಮ ಮಾವನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ‘ಮೂಸಿ ನೋಡೋ ಮೇಸ್ತ್ರಿ’ ಅಂದರೆ ಸಾಕಿತ್ತು, ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಜೀಪೋ ವ್ಯಾನೋ ಬಂದು ನಿಂತರೆ ಮಾವ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಗಾಡಿಯ ಹಿಂದಕ್ಕೆ ಹೋಗಿ, ಲುಂಗಿ ಎತ್ತಿ ಕಟ್ಟಿ, ಸೈಲೆನ್ಸರಿಗೆ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಿಂದ ಹೊಗೆಯನ್ನು ಮೆಲ್ಲಗೆ ಮೂಗಿನ ಕಡೆ ತಳ್ಳಿಕೊಳ್ಳುತ್ತಿದ್ದರು. ಕಣ್ಣು ಚುರುಗುಟ್ಟಿ ಹಸಿ ಪೆಟ್ರೋಲಿನ ವಾಸನೆ ಬಂದರೆ ಕಾರ್ಬುರೇಟರ್ ಜಾಸ್ತಿ ಕುಡಿಸುತ್ತಿದೆ. ಸುಟ್ಟ ಎಣ್ಣೆಯ ವಾಸನೆ ಬಂದರೆ ಪಿಸ್ಟನ್ ರಿಂಗು ಹೋಗಿದೆ. ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಸೋರುತ್ತಿದೆ, ಹೆಡ್ ಬಿಚ್ಚಬೇಕು. ಮಾವ ಎದ್ದು ನಿಂತು ಲುಂಗಿ ಕೊಡವುವಷ್ಟರಲ್ಲಿ ಕಾಯಿಲೆಯ ಹೆಸರು ಸಿಕ್ಕಿರುತ್ತಿತ್ತು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಿದ್ದರು. ತುದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಎಂಜಿನ್ ನೆಮ್ಮದಿಯಾಗಿದೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಅಂದರೆ ರಿಚ್. ಬಿಳುಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಲೀನ್. ಅವರ ಕಪಾಟಿನಲ್ಲಿ ‘ಮೈಕೋ’ ಪ್ಲಗ್ಗುಗಳ ಖಾಲಿ ಡಬ್ಬಗಳು ಸಾಲಾಗಿ ಇರುತ್ತಿದ್ದವು. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಮಾವನ ಬಾಯಲ್ಲಿ ಅದು ಮೈಕೋ ಆಗಿಯೇ ಉಳಿಯಿತು.

2021ರ ಮೇ ತಿಂಗಳಲ್ಲಿ ಮಾವನಿಗೆ ಕೊರೊನಾ ಬಂತು. ಆಗ ಎಲ್ಲರ ಮನೆಯಲ್ಲೂ ಇದ್ದ ಹಾಗೆ ನಮ್ಮಲ್ಲೂ ಒಂದು ಆಕ್ಸಿಮೀಟರ್ ಇತ್ತು. ಒಂದು ಮುಂಜಾನೆ ಅತ್ತೆ ಅದನ್ನು ಮಾವನ ಬೆರಳಿಗೆ ಸಿಕ್ಕಿಸಿ, 86 ತೋರಿಸಿದ್ದು ನೋಡಿ, ಅಳುತ್ತಾ ನನಗೆ ಫೋನ್ ಮಾಡಿದರು. ನಾನು ಬೆಂಗಳೂರಿನಲ್ಲಿ ಕೂತು ಆಂಬ್ಯುಲೆನ್ಸಿಗೆ ಹತ್ತು ನಂಬರು ಒತ್ತುತ್ತಿದ್ದೆ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದು ಮಾವನ ಕೈ ಮುಟ್ಟಿ ನೋಡಿದರಂತೆ. ಮಳೆಯ ಥಂಡಿಗೆ ಬೆರಳು ಮಂಜುಗಡ್ಡೆಯಾಗಿತ್ತು. ‘ಕೈ ಬಿಸಿ ಮಾಡಿ, ಬೇರೆ ಬೆರಳಿಗೆ ಹಾಕಿ’ ಅಂದರು. ಸ್ವಲ್ಪ ಹೊತ್ತಿಗೆ 94 ಬಂತು. ಮಾವ ಉಳಿದರು. ಮೂಗು ಮಾತ್ರ ಉಳಿಯಲಿಲ್ಲ ಅನ್ನುವುದು ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷದ ಮೇಲೆ.

ಗೊತ್ತಾಗಿದ್ದು ಒಂದು ಜಿಪ್ಸಿಯಿಂದ. ಚಿಕ್ಕಮಗಳೂರು ಕಡೆ ಎಸ್ಟೇಟಿನ ಮಣ್ಣುರಸ್ತೆಗಳಲ್ಲಿ ಗಾಡಿ ಓಡಿಸುವ ಹುಚ್ಚು ಹಳೆಯದು. ಪರಿಚಯದ ಪ್ಲಾಂಟರೊಬ್ಬರು ತಮ್ಮ ಮಗನ ಆಸೆಗೆ ಹಳೆಯ 1.3 ಲೀಟರ್ ಕಾರ್ಬುರೇಟರ್ ಜಿಪ್ಸಿಯೊಂದನ್ನು ಮಾವನ ಗ್ಯಾರೇಜಿಗೆ ತಂದು ಬಿಟ್ಟಿದ್ದರು. ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು ಹಾಕಿ ಕೂಡಿಸಿಯಾಗಿತ್ತು. ಮಿಕ್ಸ್ಚರ್ ಹೊಂದಿಸುವುದಷ್ಟೇ ಬಾಕಿ. ದೀಪಾವಳಿಗೆ ಊರಿಗೆ ಹೋದ ನಾನು, ‘ಇದನ್ನ ನನಗೆ ಬಿಡಿ ಮಾವ’ ಅಂದೆ. ಅವರು ಒಪ್ಪಿದ್ದು ಆಶ್ಚರ್ಯವಾಯಿತು. ಆ ಕೆಲಸವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ.

ನನ್ನ ಬ್ಯಾಗಿನಲ್ಲಿ ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇತ್ತು, ಜೊತೆಗೆ ಅದರ ಮೀಟರು. ಸೈಲೆನ್ಸರ್ ಪೈಪಿಗೆ ತೂತು ಕೊರೆದು, ನಟ್ ವೆಲ್ಡ್ ಮಾಡಿ, ಪ್ಲಗ್ಗಿನ ಹಾಗೆ ತಿರುಗಿಸಿ ಕೂರಿಸುವ ಸಾಮಾನು. ಹೊಗೆಯಲ್ಲಿ ಸುಡದೆ ಉಳಿದ ಆಮ್ಲಜನಕ ಎಷ್ಟು ಅಂತ ನೋಡಿ, ಎಂಜಿನ್ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಳೆದುಕೊಳ್ಳುತ್ತಿದೆ ಅನ್ನುವುದನ್ನು ಅಂಕಿಯಲ್ಲಿ ಹೇಳುತ್ತದೆ. ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಇದ್ದರೆ ಎರಡೂ ಪೂರ್ತಿ ಉರಿದು ಸರಿಹೋದ ಹಾಗೆ. ಜೋರು ಬೇಕಾದಾಗ 12.5ರಿಂದ 13ರ ಆಸುಪಾಸು. ಇಂಥ ಸೆನ್ಸರ್ ಮೊದಲು ಕಾರಿಗೆ ಬಂದಿದ್ದು 1976ರಲ್ಲಿ, ವೋಲ್ವೋದಲ್ಲಿ, ಮಾಡಿದ್ದು ಬಾಷ್. ಆ ಕಾಲದ್ದು ರಿಚ್ಚೋ ಲೀನೋ ಅಂತಷ್ಟೇ ಹೇಳುತ್ತಿತ್ತು. ವೈಡ್‌ಬ್ಯಾಂಡ್ ಎಷ್ಟು ಅಂತಲೂ ಹೇಳುತ್ತದೆ. ಮಾವ ಅದನ್ನು ಕೈಯಲ್ಲಿ ತಿರುಗಿಸಿ, ಮೇಲೆ ಬರೆದಿದ್ದ ಹೆಸರು ಓದಿ, ‘ಓ, ಮೈಕೋದವರದ್ದೇ’ ಅಂದರು. ಆಮೇಲೆ, ‘ಇದನ್ನ ಎಲ್ಲಿ ಇಡ್ತೀಯ?’ ಅಂತ ಕೇಳಿದರು.

ನಾನು ಆ ಪ್ರಶ್ನೆಗೆ ಹೆಚ್ಚು ಯೋಚನೆ ಮಾಡಲಿಲ್ಲ. ಹೊಗೆ ಒಂದೇ ಪೈಪಿನಲ್ಲಿ ಹೋಗುತ್ತದೆ, ಎಲ್ಲಿ ಇಟ್ಟರೇನು? ಮುಂದಿನ ಪೈಪು ಬಿಚ್ಚಬೇಕೆಂದರೆ ತುಕ್ಕು ಹಿಡಿದ ಬೋಲ್ಟುಗಳು ಮುರಿಯುವ ಭಯ. ಹಿಂದೆ, ಪೈಪು ಹೊರಗೆ ಬರುವುದಕ್ಕೆ ಒಂದೂವರೆ ಅಡಿ ಮೊದಲು, ಕೈಗೆ ಸುಲಭವಾಗಿ ಸಿಗುವ ಬಾಗು ಇತ್ತು. ಎದುರಂಗಡಿಯ ವೆಲ್ಡರ್ ಹುಡುಗ ಗಾಡಿಯ ಕೆಳಗೆ ಅರ್ಧ ನುಗ್ಗಿ ಆ ಬಾಗಿನ ತಳಕ್ಕೆ ನಟ್ ಕೂರಿಸಿಕೊಟ್ಟ. ಇಪ್ಪತ್ತು ನಿಮಿಷದ ಕೆಲಸ. ಮಾವ ನೋಡುತ್ತಾ ನಿಂತಿದ್ದರು. ಏನೂ ಹೇಳಲಿಲ್ಲ.

ಗಾಡಿ ಸ್ಟಾರ್ಟ್ ಮಾಡಿದೆವು. ಐಡ್ಲಿಂಗಿನಲ್ಲಿ ಮೀಟರು 16.8 ತೋರಿಸಿತು. ಲೀನ್! ಹೊಸ ಎಂಜಿನ್ನು ಲೀನ್ ಓಡಿದರೆ ಬಿಸಿಯಾಗುತ್ತದೆ, ಪಿಸ್ಟನ್ ಹೋಗುತ್ತದೆ ಅಂತ ಗಾಬರಿಯಾಗಿ ಮಿಕ್ಸ್ಚರ್ ಸ್ಕ್ರೂ ಬಿಚ್ಚಿದೆ. ಸ್ವಲ್ಪ ಇಳಿಯಿತು, ಸಾಲದು. ಮರುದಿನ ದೊಡ್ಡ ಜೆಟ್ ಹಾಕಿದೆ. ಈಗ ಎಂಜಿನ್ ಮುಗ್ಗರಿಸತೊಡಗಿತು, ಮೀಟರು 17 ದಾಟಿತು. ಇನ್ನೂ ದೊಡ್ಡ ಜೆಟ್ ಹಾಕಿದೆ. ನಾನು ಪೆಟ್ರೋಲ್ ಹೆಚ್ಚಿಸಿದಷ್ಟೂ ಮೀಟರು ಸಾಲದು ಸಾಲದು ಅನ್ನುತ್ತಿತ್ತು. ಮೂರು ದಿನ ಹೀಗೇ ಹೋಯಿತು.

ಮೂರನೇ ದಿನ ಸಂಜೆ ಮಾವ ಆಯಿಲಿನ ಡಿಪ್‌ಸ್ಟಿಕ್ ಎಳೆದು, ಅಭ್ಯಾಸದಂತೆ ಮೂಗಿಗೆ ಹಿಡಿದು, ‘ಆಯಿಲ್ ಸರಿ ಇದೆ’ ಅಂತ ನನ್ನ ಕೈಗೆ ಕೊಟ್ಟರು. ಒರೆಸಲು ಬಟ್ಟೆ ಹುಡುಕುತ್ತಿದ್ದ ನನಗೆ ಗಪ್ಪನೆ ಹೊಡೆಯಿತು. ಪೆಟ್ರೋಲ್. ಸುಡದ ಪೆಟ್ರೋಲು ಸಿಲಿಂಡರಿನ ಗೋಡೆ ತೊಳೆದುಕೊಂಡು ಕೆಳಗಿಳಿದು ಆಯಿಲಿಗೆ ಸೇರಿತ್ತು. ಹಾಗೇ ಇನ್ನೊಂದು ವಾರ ಓಡಿಸಿದ್ದರೆ ಹೊಸ ಬೋರೂ ಬೇರಿಂಗೂ ಸವೆದು ಹೋಗುತ್ತಿದ್ದವು. ನಾನು ಮಾವನ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

‘ವಾಸನೆ ಇದೆಯೇನೋ?’ ಅಂದರು.

‘ಇದೆ ಮಾವ.’

‘ಜೋರಾಗಿ ಇದೆಯಾ?’

ನಾನು ಹೂಂ ಅಂದೆ. ಅವರು ಟೈರಿನ ಮೇಲೆ ಕೂತರು. ‘ಕೊರೊನಾ ಬಂದು ಹೋದ ಮೇಲೆ ಎಂಥದೂ ಬರ್ತಾ ಇಲ್ಲ ಮಾರಾಯ. ಅತ್ತೆಗೆ ಹೇಳ್ಬೇಡ. ಗಿರಾಕಿಗಳಿಗಂತೂ ಹೇಳ್ಲೇಬೇಡ.’

ಅಂದರೆ ಒಂದೂವರೆ ವರ್ಷ ಅವರು ಗಾಡಿಗಳ ಹಿಂದೆ ಕೂತು ಅಂಗೈ ಬೀಸಿಕೊಂಡದ್ದೆಲ್ಲ ಬರೀ ಅಭಿನಯ. ಪ್ಲಗ್ ನೋಡಿ, ಸದ್ದು ಕೇಳಿ, ಅಂದಾಜಿನ ಮೇಲೆ ನಡೆಸಿದ್ದರು. ಪೆಟ್ರೋಲ್ ಸೋರಿದರೆ ಗೊತ್ತಾಗದ ಮನುಷ್ಯ ದಿನವಿಡೀ ವೆಲ್ಡಿಂಗ್ ಕಿಡಿಗಳ ಎದುರಂಗಡಿಯಲ್ಲಿ ಕೂತಿದ್ದರು. ಈ ಜಿಪ್ಸಿಯ ಮಿಕ್ಸ್ಚರನ್ನು ನನಗೆ ಬಿಟ್ಟುಕೊಟ್ಟದ್ದು ಯಾಕೆ ಅಂತ ಆಗ ಅರ್ಥವಾಯಿತು.

ತುಸು ಹೊತ್ತಾದ ಮೇಲೆ ಮಾವನೇ ಎದ್ದು ನಾಲ್ಕೂ ಪ್ಲಗ್ ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಕಾಡಿಗೆ. ‘ಪ್ಲಗ್ ರಿಚ್ ಅಂತಿದೆ, ನಿನ್ನ ಮೀಟರು ಲೀನ್ ಅಂತಿದೆ. ಇಬ್ರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ. ಮೂಗು ಹೋಗಿರೋನಿಗೆ ಕಣ್ಣಾದ್ರೂ ಇದೆ’ ಅಂದರು. ಗಾಡಿ ಸ್ಟಾರ್ಟ್ ಮಾಡಿಸಿ, ದಪ್ಪ ಗೋಣಿಚೀಲ ಒದ್ದೆ ಮಾಡಿ ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದು, ‘ಮುಂದೆ ಹೋಗಿ ಕಿವಿ ಕೊಡು’ ಅಂದರು. ಮ್ಯಾನಿಫೋಲ್ಡಿಗೆ ಪೈಪು ಸೇರುವ ಜಾಗದಲ್ಲಿ ಪುಸ್ ಪುಸ್ ಅನ್ನುವ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಗ್ಯಾಸ್ಕೆಟ್ಟಿನ ಅಂಚಿನಿಂದ ಮಸಿಯ ಗೆರೆ ಹೊರಟಿತ್ತು.

ಆ ರಾತ್ರಿ ಕೂತು ನನ್ನ ತಪ್ಪುಗಳನ್ನು ಒಂದೊಂದೇ ಎಣಿಸಿದೆ. ಎಂಜಿನ್ ಹೊಗೆಯನ್ನು ಒಂದೇ ಸಮ ಉಗುಳುವುದಿಲ್ಲ. ಉಸಿರಿನ ಹಾಗೆ ದಬ್ಬುತ್ತದೆ, ನಿಲ್ಲಿಸುತ್ತದೆ. ಎರಡು ದಬ್ಬಿನ ನಡುವೆ ಪೈಪಿನ ಒತ್ತಡ ಇಳಿದು, ಸೋರುವ ಜೋಡಣೆಯಿಂದಲೂ ಹಿಂದಿನ ಬಾಯಿಯಿಂದಲೂ ಹೊರಗಿನ ಗಾಳಿ ಒಳಗೆ ಬರುತ್ತದೆ. ಐಡ್ಲಿಂಗಿನಲ್ಲಿ ಇದು ಹೆಚ್ಚು. ಬಾಯಿಗೆ ಅಷ್ಟು ಹತ್ತಿರ ಇಟ್ಟ ನನ್ನ ಸೆನ್ಸರು ಎಂಜಿನ್ನಿನ ಹೊಗೆಯ ಜೊತೆ ಮೂಡಿಗೆರೆಯ ಗಾಳಿಯನ್ನೂ ಅಳೆದು ಲೀನ್ ಅಂದಿತ್ತು. ಅದನ್ನು ನಂಬಿ ನಾನು ಪೆಟ್ರೋಲ್ ಸುರಿದೆ. ಪ್ಲಗ್ಗಿಗೆ ಮಸಿ ಹಿಡಿದು ಕಿಡಿ ತಪ್ಪಿತು. ಕಿಡಿ ತಪ್ಪಿದಾಗ ಪೆಟ್ರೋಲೂ ಸುಡುವುದಿಲ್ಲ, ಆಮ್ಲಜನಕವೂ ಸುಡುವುದಿಲ್ಲ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಅದು ಇನ್ನೂ ಲೀನ್ ಅಂದಿತು, ನಾನು ಇನ್ನೂ ಸುರಿದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ತಾನಿದ್ದ ಜಾಗದಲ್ಲಿ ಏನಿತ್ತೋ ಅದನ್ನೇ ಹೇಳಿತ್ತು. ತಣ್ಣಗಿನ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರೂ ಹಾಗೇ ಮಾಡಿತ್ತಲ್ಲ ಅಂತ ನೆನಪಾಯಿತು.

ಬೆಳಿಗ್ಗೆ ಜಾಗ ಹುಡುಕಿದ್ದು ಇಬ್ಬರೂ ಸೇರಿ. ಪುಸ್ತಕದ ನಿಯಮ ನಾನು ಹೇಳುತ್ತಾ ಹೋದೆ, ಕಾರಣ ಮಾವ ಕೊಡುತ್ತಾ ಹೋದರು. ನಾಲ್ಕೂ ಸಿಲಿಂಡರಿನ ಹೊಗೆ ಒಂದಾದ ಮೇಲೆ ಇಡಬೇಕು ಅಂದೆ. ‘ಹೌದು, ಇಲ್ದಿದ್ರೆ ಒಬ್ಬನ ಮಾತು ಕೇಳಿ ನಾಲ್ವರಿಗೂ ಶಿಕ್ಷೆ ಕೊಟ್ಟ ಹಾಗೆ’ ಅಂದರು. ಎಂಜಿನ್ನಿಗೆ ತೀರಾ ಹತ್ತಿರವೂ ಬೇಡ, ಬಿಸಿಗೆ ಸೆನ್ಸರು ಸಾಯುತ್ತದೆ, ಎರಡು ಅಡಿ ದೂರ ಇರಲಿ ಅಂದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಅದಕ್ಕಿಂತ ಮುಂಚೆಯೇ ಇಡಬೇಕು, ಉಳಿದ ಆಮ್ಲಜನಕವನ್ನು ಅದು ತಿಂದುಬಿಡುತ್ತದೆ. ನಮ್ಮ ಜಿಪ್ಸಿಗೆ ಆ ತಾಪತ್ರಯ ಇರಲಿಲ್ಲ.

ಪೈಪಿನ ತಳಕ್ಕೆ ಇಡಬಾರದು, ಗಡಿಯಾರದ 10 ಮತ್ತು 2ರ ನಡುವೆ ಮೇಲ್ಭಾಗದಲ್ಲಿ, ಮೂತಿ ಕೆಳಮುಖವಾಗಿ ಇರಬೇಕು ಅಂದಾಗ ಮಾವ ನಕ್ಕರು. ‘ಬೆಳಿಗ್ಗೆ ಸೈಲೆನ್ಸರಿಂದ ನೀರು ತೊಟ್ಟಿಕ್ಕೋದು ನೋಡಿಲ್ವಾ?’ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿಯಲ್ಲಿ ಆವಿಯಾಗಿ ಹೋಗುವ ಅದು ತಣ್ಣಗಿನ ಪೈಪಿನಲ್ಲಿ ತಳ ಹಿಡಿಯುತ್ತದೆ. ಸೆನ್ಸರಿನ ಒಳಗಿನ ಪಿಂಗಾಣಿ ಹೀಟರಿನಿಂದ ಸುಮಾರು 780 ಡಿಗ್ರಿ ಕಾದಿರುತ್ತದೆ. ಅದಕ್ಕೆ ಒಂದು ಹನಿ ಬಿದ್ದರೆ, ಉರಿಯುವ ಲಾಟೀನಿನ ಗಾಜಿಗೆ ನೀರು ಸಿಡಿದ ಹಾಗೆ, ಚಟ್ ಅಂತ ಬಿರಿಯುತ್ತದೆ. ನನ್ನದು ಮೂರು ದಿನ ತಳದಲ್ಲಿದ್ದೂ ಬಿರಿಯದೆ ಉಳಿದದ್ದು ನನ್ನ ಪುಣ್ಯ.

ಪೈಪು ಇಳಿಸುವಾಗ ನಾನು ಹೆದರಿದ್ದ ಬೋಲ್ಟುಗಳಲ್ಲಿ ಒಂದು ಮುರಿಯಿತು. ಮಾವ ಬಯ್ಯಲಿಲ್ಲ, ಕೊರೆದು ತೆಗೆದರು. ಹೊಸ ಗ್ಯಾಸ್ಕೆಟ್ ಹಾಕುವಾಗ ಅವರ ಕೈ ಕೆಂಪು ಸಿಲಿಕೋನ್ ಪೇಸ್ಟಿನ ಟ್ಯೂಬಿನ ಕಡೆ ಹೋಯಿತು. ‘ಬೇಡ ಮಾವ, ಸಿಲಿಕೋನ್ ಸೆನ್ಸರಿಗೆ ವಿಷ’ ಅಂದೆ. ಟ್ಯೂಬನ್ನು ಮತ್ತೆ ಕಪಾಟಿಗಿಟ್ಟು, ‘ಇದಕ್ಕೂ ಪಥ್ಯ’ ಅಂದರು. ಹಿಂದಿನ ತೂತಿಗೆ ಬೋಲ್ಟ್ ಬಿಗಿದು ಮುಚ್ಚಿದೆವು. ಆಯಿಲ್ ಬದಲಿಸಿ, ಹಳೆಯ ಜೆಟ್ಟನ್ನೇ ಹಾಕಿ, ಹೊಸ ಪ್ಲಗ್ ಕೂರಿಸಿ ಸ್ಟಾರ್ಟ್ ಮಾಡಿದೆವು. ಐಡ್ಲಿಂಗಿನಲ್ಲಿ 12.1. ಲೀನ್ ಅನ್ನಿಸಿಕೊಂಡಿದ್ದ ಗಾಡಿ, ನಾನು ಬಿಚ್ಚಿಟ್ಟ ಸ್ಕ್ರೂ ಒಂದರಿಂದಲೇ ಇಷ್ಟು ರಿಚ್ ಆಗಿತ್ತು. ಮಾವ ಕಣ್ಣು ಮುಚ್ಚಿ ಸದ್ದು ಕೇಳುತ್ತಾ ಸ್ಕ್ರೂ ತಿರುಗಿಸಿದರು. ನಾನು ಅಂಕಿ ಓದುತ್ತಿದ್ದೆ. ಅವರು ಕೈ ನಿಲ್ಲಿಸಿದಾಗ ಮೀಟರು 13.9ರಲ್ಲಿತ್ತು. ಏರಿನಲ್ಲಿ ಪೂರ್ತಿ ತುಳಿದಾಗ 12.7. ಎಸ್ಟೇಟಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಂದು ಪ್ಲಗ್ ಬಿಚ್ಚಿದರೆ ಹಾಲು ಬೆರೆಸಿದ ಕಾಫಿಯ ಬಣ್ಣ ಶುರುವಾಗಿತ್ತು.

ಜಿಪ್ಸಿಯ ಹುಡುಗ ಗಾಡಿ ತಗೊಂಡು ಹೋಗಲು ಬಂದಾಗ ಮಾವನೇ ಅವನಿಗೆ ಹೇಳಿದರು, ‘ನನಗೆ ಈಗ ವಾಸನೆ ತಿಳಿಯಲ್ಲ. ಪೆಟ್ರೋಲ್ ವಾಸನೆ ಏನಾದ್ರೂ ಬಂದ್ರೆ ನೀನೇ ಹೇಳ್ಬೇಕು.’ ಹುಡುಗ ಸರಿ ಅಂದ. ಅಷ್ಟೇ. ಮಾವ ಹೆದರಿಕೊಂಡಿದ್ದ ಮಾತು ಅಷ್ಟರಲ್ಲಿ ಮುಗಿದುಹೋಯಿತು. ಗ್ಯಾರೇಜಿನ ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್ ಬಂತು. ಅತ್ತೆಗೆ ವಿಷಯ ಮೊದಲೇ ಗೊತ್ತಿತ್ತಂತೆ. ಸೀದ ಸಾರಿಗೆ ಬಯ್ಯದ ಗಂಡನನ್ನು ಅವರು ಎಷ್ಟು ದಿನ ನಂಬಿಯಾರು?

ಈ ವರ್ಷ ಹೂಮಳೆಯಾದ ವಾರಕ್ಕೆ ಊರಿಗೆ ಹೋಗಿದ್ದೆ. ಕಾಫಿ ಹೂ ಬಿಟ್ಟು ತೋಟಗಳೆಲ್ಲ ಬೆಳ್ಳಗಾಗಿದ್ದವು. ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದ ಮಾವ ಮುಖವೆತ್ತಿ ಒಂದು ಸಲ ಉಸಿರೆಳೆದುಕೊಂಡು, ನನ್ನ ಕಡೆ ತಿರುಗಿದರು.

‘ಬರ್ತಿದೆಯೇನೋ?’

‘ಬರ್ತಿದೆ ಮಾವ.’

‘ಎಷ್ಟು? ನಂಬರ್ ಹೇಳು.’