ಬಡವನ ಐದು

ದುಡ್ಡು ಎಣಿಸುವುದು ನಮಗೆಲ್ಲ ಗೊತ್ತು. ದುಡ್ಡನ್ನು ಓದುವುದನ್ನು ನಾನು ಕಲಿತದ್ದು ನ್ಯೂಜೆರ್ಸಿಯ ಮಗಳ ಮನೆಯಲ್ಲಿ, ಹನ್ನೊಂದು ವರ್ಷದ ಮೊಮ್ಮಗನಿಂದ. ಅಳಿಯನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಮಗುವಿಗೆ ತಿಳಿಯಬಾರದೆಂದು ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಅವನು ಮಾತ್ರ ಸಂಜೆಯಾದರೆ ಚಿಲ್ಲರೆ ಡಬ್ಬಿ ಸುರಿದುಕೊಂಡು, ಭೂತಗನ್ನಡಿ ಹಿಡಿದು ಒಂದೊಂದೇ ಸೆಂಟು ನೋಡುತ್ತಿದ್ದ. ಹುಡುಕುತ್ತಿದ್ದುದು 1955ರ ‘ಡಬಲ್ಡ್ ಡೈ’.

ನಾಣ್ಯ ಹೊಡೆಯುವ ಅಚ್ಚಿಗೂ ಒಂದು ತಾಯಚ್ಚು ಇರುತ್ತದೆ. ಆಗೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡದೆ ಮತ್ತೆ ಒತ್ತಬೇಕಿತ್ತು. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಆ ವರ್ಷ ಒಂದು ಅಚ್ಚಿಗೆ ಎರಡನೆಯ ಒತ್ತು ತುಸು ತಿರುಗಿ ಬಿತ್ತು. ರಬ್ಬರ್ ಮೊಹರನ್ನು ಕೈ ಅಲುಗಿಸಿ ಎರಡು ಸಲ ಒತ್ತಿದ ಹಾಗೆ, ನೋಡಿ! ಅದರಿಂದ ಹೊರಟ ಪ್ರತಿ ಸೆಂಟಿನಲ್ಲೂ ಇಸವಿ ಎರಡು, ‘ಲಿಬರ್ಟಿ’ ಎರಡು. ಗಮನಕ್ಕೆ ಬರುವಷ್ಟರಲ್ಲಿ ಅವು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತಿದ್ದವು. ಎಲ್ಲವನ್ನೂ ಕರಗಿಸುವ ಬದಲು ಹಾಗೇ ಬಿಟ್ಟರು. ಹೊರಬಿದ್ದವು ಅಂದಾಜು 20ರಿಂದ 24 ಸಾವಿರ. ಚೆನ್ನಾಗಿ ಉಳಿದ ಒಂದಕ್ಕೆ ಈಗ ಸಾವಿರ ಡಾಲರಿಗೂ ಮಿಕ್ಕಿ ಬೆಲೆ.

ಒಂದು ಸಂಜೆ, “ಅಜ್ಜೀ, ಸಿಕ್ಕಿತು!” ಎಂದು ಕೂಗಿದ. ಇಸವಿ 1955 ಹೌದು. ಕೊನೆಯ ಐದರ ಪಕ್ಕ ಇನ್ನೊಂದು ಐದು ಇದ್ದುದೂ ಹೌದು. ಅವನ ಪುಸ್ತಕ ತೆರೆದು ಇಬ್ಬರೂ ಕೂತೆವು. ನಿಜವಾದದ್ದಾದರೆ ಇಸವಿಯ ಎಲ್ಲ ಅಂಕಿಗಳೂ, ಅಕ್ಷರಗಳೂ ಜೋಡಿಯಾಗಿ, ಉಬ್ಬಿ, ಬೇರೆ ಬೇರೆಯಾಗಿ ಕಾಣಬೇಕು. ಇಲ್ಲಿ ಐದೊಂದೇ, ಅದೂ ಮಸುಕು ನೆರಳು. ಹೊಡೆದು ಹೊಡೆದು ಸವೆದ ಅಚ್ಚು ಇಂಥ ನೆರಳು ಬಿಡುತ್ತದೆ. ಸಂಗ್ರಾಹಕರು ಇದನ್ನು ‘ಬಡವನ ಡಬಲ್ಡ್ ಡೈ’ ಎನ್ನುತ್ತಾರೆ. ಬೆಲೆ ಕೆಲವೇ ಡಾಲರು.

ಸುಮ್ಮನೆ ಹೌದೆಂದು ಅವನನ್ನು ಖುಷಿಪಡಿಸಲೇ ಅನ್ನಿಸಿತು. ಆದರೆ ಕಣ್ಣಿಗೆ ಕಂಡದ್ದನ್ನು ಮಗುವಿನ ಮುಂದೆ ಇಲ್ಲವೆನ್ನುವುದು ಹೇಗೆ, ನೀವೇ ಹೇಳಿ. “ಇದು ಸವೆದ ಅಚ್ಚಿನದು, ಪುಟ್ಟಾ” ಎಂದೆ.

ಅವನು ಅಳಲಿಲ್ಲ. “ಒಂದು ತಿಂಗಳ ಬಾಡಿಗೆಗೆ ಸ್ವಲ್ಪ ಆಗ್ತಿತ್ತು” ಎಂದ.

ಅಡಿಗೆಮನೆಯಲ್ಲಿ ಮಗಳ ಕೈಯ ಸೌಟು ನಿಂತಿತು. ಅಳಿಯ ಬಂದು ನೆಲದ ಮೇಲೆ ಮಗನ ಪಕ್ಕ ಕೂತರು. ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ತಿಂಗಳಿಗೆ ಸಾಕು, ಎಲ್ಲೆಲ್ಲಿ ಅರ್ಜಿ ಹಾಕಿದ್ದೇನೆ ಎಂದು ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. ಹುಡುಗ ಬೆರಳು ಮಡಚಿ ಲೆಕ್ಕ ಹಾಕುತ್ತ ಕೇಳಿದ. ಆ ರಾತ್ರಿ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಎಲ್ಲರೂ ಮಾತಾಡುತ್ತ ಊಟ ಮಾಡಿದೆವು.