ಜುನಾ ಬಜಾರಿನ ಅಟ್ಲಾಸ್, ಕೊಂಢವಾದ ಏರು

ಭಾನುವಾರ, ಬೆಳಗಿನ ಹತ್ತು ಗಂಟೆ. ಪುಣೆಯ ಮಂಗಳವಾರ ಪೇಟೆಯ ಜುನಾ ಬಜಾರಿನಲ್ಲಿದ್ದೀರಿ. ನಡೆಯುವ ಕಷ್ಟವೇ ಇಲ್ಲ, ಹಿಂದಿನವರೇ ದೂಡುತ್ತಾರೆ. ಈ ರಸ್ತೆಬದಿ ಹೀಗೆ ತುಂಬುವುದು ವಾರಕ್ಕೆರಡೇ ದಿನ, ಬುಧವಾರ ಮತ್ತು ಭಾನುವಾರ. ಕಾಲ ಬುಡದಲ್ಲಿ ತಾಡಪಾಲು, ಅದರ ಮೇಲೆ ಹಿತ್ತಾಳೆ ದೀಪ, ಕೆಟ್ಟ ಮಿಕ್ಸರ್, ಒಂಟಿ ಬೂಟು, ತುಕ್ಕು ಹಿಡಿದ ಪಾನಾ, ಯಾರದೋ ಮದುವೆಯ ಆಲ್ಬಮ್ಮು.

ಜೊತೆಗಿರುವ ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮನೆ ಕೊಂಢವಾ ಖುರ್ದ್‌ನಲ್ಲಿ, ಗೌಂಡಿ ಕೆಲಸ ಉಂಡ್ರಿಯಲ್ಲಿ. ರಿಕ್ಷಾಕ್ಕೆ ದುಡ್ಡು ಸುರಿದು ಸಾಕಾಗಿದೆ. ನಿಮ್ಮನ್ನು ಕರೆತಂದದ್ದು ಮೊಬೈಲಿನಲ್ಲಿ ಹೊಸ ಸೈಕಲ್ಲಿನ ರೇಟು ನೋಡಿ ಹೇಳಲಿಕ್ಕೆ ಮಾತ್ರ. “ನೀವು ಸುಮ್ನ ನಿಂದರ್ರಿ ಸರ, ರೇಟ ನಾ ಮಾತಾಡ್ತೀನಿ” ಎಂದು ಮೊದಲೇ ತಾಕೀತಾಗಿದೆ.

ಸೈಕಲ್ಲುಗಳು ಗೋಡೆಗೆ ಒರಗಿವೆ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆ ಇದು. ಆಮೇಲೆ ಲೂನಾ ಬಂತು, ಸ್ಕೂಟರ್ ಬಂತು. ಹಳೆಯ ಸೈಕಲ್ ನೋಡಬೇಕೆಂದರೆ ಈಗ ಕರ್ವೆನಗರದಲ್ಲಿ ವಿಕ್ರಮ್ ಪೆಂಡ್ಸೆಯವರ ಮ್ಯೂಸಿಯಮ್ಮೇ ಇದೆ. ಕೊಳ್ಳಬೇಕೆಂದವರು ಇಲ್ಲಿಗೆ ಬರುತ್ತಾರೆ.

ಅಂಗಡಿಯವನು ಮೊದಲು ಮುಂದಿಡುವುದು ಗೇರ್ ಸೈಕಲ್ಲು. ಮಿಂಚುವ ಹಸಿರು ಬಣ್ಣ, ದಪ್ಪ ಟೈರು, ಹ್ಯಾಂಡಲ್ಲಿನಲ್ಲಿ ಎರಡು ಕಡೆ ಗೇರಿನ ಹಿಡಿ. ನಿಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಕಾಕಾ ಮಾತ್ರ ಬಗ್ಗಿ ಫ್ರೇಮಿನ ಕೆಳಗಿನ ಕೊಳವೆಗೆ ಬೆರಳು ತಾಗಿಸುತ್ತಾರೆ, ಹ್ಯಾಂಡಲ್ಲಿನ ಕತ್ತಿಗೆ ಅದು ಕೂಡುವ ಜಾಗದಲ್ಲಿ. ಬಣ್ಣದಡಿ ಸಣ್ಣದೊಂದು ಸುಕ್ಕು. ಎದುರಿನಿಂದ ಎಲ್ಲೋ ಜೋರಾಗಿ ಗುದ್ದಿದ ಗುರುತು; ಮೇಲೆ ಹೊಸ ಬಣ್ಣ ಬಳಿದಿದ್ದಾರೆ. ಚೈನು, ಟೈರು, ಬ್ರೇಕು ಯಾವುದು ಹೋದರೂ ಬದಲಾಯಿಸಬಹುದು. ಫ್ರೇಮ್ ಬಾಗಿದರೆ ಗುಜರಿಯೇ ಗತಿ.

ಮೂಲೆಯಲ್ಲಿ ಕರಿ ಅಟ್ಲಾಸ್. ಹೆಗಲ ಮೇಲೆ ಭೂಮಿ ಹೊತ್ತವನ ಬಿಲ್ಲೆ ಇನ್ನೂ ಅಂಟಿಕೊಂಡಿದೆ. 1951ರಲ್ಲಿ ಸೋನೀಪತ್‌ನಲ್ಲಿ ಶುರುವಾದ ಕಂಪನಿ. ಕೊನೆಗೆ ಉಳಿದಿದ್ದ ಸಾಹಿಬಾಬಾದ್ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನ! ಕಾಕಾಗೆ ಇದನ್ನು ಹೇಳಲು ಬಾಯಿ ತೆರೆಯುತ್ತೀರಿ. ಅವರು ಆಗಲೇ ಹಿಂದಿನ ಗಾಲಿ ಎತ್ತಿ ತಿರುಗಿಸಿ, ರಿಮ್ಮು ಬ್ರೇಕಿಗೆ ತಾಗುತ್ತದೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ.

ಗಾಲಿ ಔಟ್ ಇಲ್ಲ. ಚೈನನ್ನು ಪೆಡಲ್ ಬಳಿಯ ಹಲ್ಲಿನ ಚಕ್ರದ ಮೂತಿಯಲ್ಲಿ ಚಿವುಟಿ ಹಿಡಿದು ಎಳೆದರೆ ಹಲ್ಲು ತುದಿಯಿಂದ ಬುಡದವರೆಗೆ ಕಾಣುತ್ತದೆ: ಸವೆದ ಚೈನು. ಎರಡೂ ಪೆಡಲ್ ಹಿಡಿದು ಅಲ್ಲಾಡಿಸಿದರೆ ಟಕ್ ಎನ್ನುತ್ತದೆ: ಕಾಟರ್ ಪಿನ್ನು ಸಡಿಲ. ಕಾಕಾ ಮುಖದಲ್ಲಿ ಬೇಜಾರಿಲ್ಲ. ಚೌಕಾಸಿಗೆ ಬೇಕಾದ್ದು ಸಿಕ್ಕಿತಲ್ಲ.

ಕೊನೆಯ ಪರೀಕ್ಷೆ ಸೀಟಿನ ಕೆಳಗೆ ಕೊರೆದ ನಂಬರು. ಮಣ್ಣು ಒರೆಸಿದರೆ ಅಂಕಿಗಳು ಪೂರ್ತಿ ಕಾಣುತ್ತವೆ. ಅರೆದು ಅಳಿಸಿದ್ದರೆ ಅಲ್ಲಿಂದ ನಡೆಯಬೇಕು. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವರಿಗೂ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ಅಗ್ಗಕ್ಕೆ ಸಿಕ್ಕಿತೆಂದು ಕಣ್ಮುಚ್ಚಿ ಕೊಳ್ಳುವವರೂ ಈ ಬಜಾರಿನಲ್ಲಿ ಕಡಿಮೆಯೇನಿಲ್ಲ.

“ಕಿತೀಲಾ?”

“ಬಾವೀಸ್‌ಶೇ.”

ಎರಡು ಸಾವಿರದ ಇನ್ನೂರು. ಕಾಕಾ ನಗುತ್ತಾರೆ, ಚೈನು ಎನ್ನುತ್ತಾರೆ, ಪಿನ್ನು ಎನ್ನುತ್ತಾರೆ, ಬ್ರೇಕಿನ ರಬ್ಬರು ಎನ್ನುತ್ತಾರೆ. ಮಾತು ಮರಾಠಿಯಲ್ಲಿ ಶುರುವಾಗಿ ಹಿಂದಿಗೆ ಜಾರುತ್ತದೆ. ನಿಮ್ಮ ಕಡೆ ತಿರುಗಿ, “ಸರ, ಹೋಗೂಣು ನಡೀರಿ” ಎಂಬುದು ಮಾತ್ರ ಕನ್ನಡದಲ್ಲಿ. ನೀವು ನಿಜವಾಗಿಯೂ ಹೊರಡುತ್ತೀರಿ. ಹಿಂದಿನಿಂದ ಕೂಗು ಬರುತ್ತದೆ. ಒಂದು ಸಾವಿರದ ನಾನೂರಕ್ಕೆ ಮುಗಿಯುತ್ತದೆ.

ಈಗ ಮನೆಗೆ. ಕಾಕಾ ಸೈಕಲ್ ಮೇಲೆ, ನೀವು ರಿಕ್ಷಾದಲ್ಲಿ. ಗೋಳೀಬಾರ್ ಮೈದಾನ ದಾಟಿ ಲುಲ್ಲಾನಗರದವರೆಗೆ ಅವರು ಹೇಗೋ ತುಳಿಯುತ್ತಾರೆ. ಕೊಂಢವಾದ ಏರು ಶುರುವಾದಾಗ ಸೀಟಿನಿಂದ ಎದ್ದು ನಿಲ್ಲುತ್ತಾರೆ, ಪೆಡಲ್ ಮೇಲೆ ಇಡೀ ಮೈಭಾರ ಬೀಳುತ್ತದೆ, ಹ್ಯಾಂಡಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತದೆ. ಕೊನೆಗೆ ಇಳಿದು ನೂಕುತ್ತಾರೆ.

ತಪ್ಪು ಕಾಲಿನದಲ್ಲ, ಲೆಕ್ಕದ್ದು. ಈ ಅಟ್ಲಾಸಿಗೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಓಡಬೇಕು. ಇಂಡಿಯ ಸಪಾಟು ರಸ್ತೆಗೆ ಇದು ಸರಿ, ಕೊಂಢವಾಕ್ಕಲ್ಲ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ ಸುತ್ತಿಗೆ ನಾಲ್ಕೂವರೆ ಮೀಟರ್‌ಗೂ ಕಡಿಮೆ. ವೇಗ ಇಳಿಯುತ್ತದೆ, ಏರು ಹತ್ತುತ್ತದೆ. ಚೈನು ಹೇಗೂ ಹೊಸದು ಬೇಕು, ತುಸು ಉದ್ದದ್ದನ್ನೇ ಹಾಕಿಸಿದರಾಯಿತು. ಗೇರ್ ಸೈಕಲ್ಲಿನ ಆಸೆ ಇಷ್ಟರಲ್ಲೇ ತೀರುತ್ತದೆ.

ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ತಲೆಕೆಳಗಾಗಿ ನಿಲ್ಲುತ್ತದೆ. ಹುಡುಗ ಹಳೆಯ ಫ್ರೀವೀಲ್ ಬಿಚ್ಚುತ್ತ, ಎಷ್ಟಕ್ಕೆ ತಂದಿರಿ ಎಂದು ಕೇಳುತ್ತಾನೆ.

“ಸಾವಿರಕ್ಕ” ಎನ್ನುತ್ತಾರೆ ಕಾಕಾ, ಕಣ್ಣು ಮಿಟುಕಿಸದೆ.

“ಎಂಟುನೂರಕ್ಕ ಬರ್ತಿತ್ತಲ್ಲೋ ಕಾಕಾ.”